ಶಾಲೆಯಲ್ಲಿ 131 ಮಕ್ಕಳು, ಒಂದನೇ ಕ್ಲಾಸಲ್ಲಿ ಹನ್ನೊಂದೇ: ಮಗಳನ್ನು ಬಿಡಿಸಲಾ?

ಪ್ರಶ್ನೆ: ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವನು. ಮನೆಯಲ್ಲೇ ಎರಡು ಮಿಷನ್ ಇಟ್ಟುಕೊಂಡು ಜೀನ್ಸ್ ಹೊಲಿಗೆ ಮಾಡುತ್ತೇನೆ. ಮಗ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಐದನೇ ಕ್ಲಾಸ್. ಮಗಳು ಮನೆ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸ್. ಈ ವರ್ಷ ನನ್ನನ್ನು ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಸೇರಿಸಿಕೊಂಡರು. ಮೊದಲ ಸಭೆಯಲ್ಲೇ ಲೆಕ್ಕ ನೋಡಿ ಗಾಬರಿಯಾಯಿತು. ಒಂದರಿಂದ ಏಳರವರೆಗೆ ಕ್ರಮವಾಗಿ 11, 13, 16, 19, 20, 25, 27. ಒಟ್ಟು 131. ಹಿಂದೆ ಇನ್ನೂರು ದಾಟಿತ್ತಂತೆ. ಶಾಲೆಯನ್ನು ಬೇರೆ ಶಾಲೆಗೆ ಸೇರಿಸುತ್ತಾರೆ ಎಂದು ಜನ ಮಾತಾಡುತ್ತಿದ್ದಾರೆ. ಓಣಿಯವರು ಬೇರೆ, ‘ಅಲ್ಲಿ ಈಗ ಗುಳೆ ಬಂದವರ ಮಕ್ಕಳು, ತೆಲುಗು, ಉರ್ದು ಮಾತಾಡೋ ಮಕ್ಕಳೇ ಜಾಸ್ತಿ, ನಿನ್ನ ಮಗಳು ಏನು ಕಲೀತಾಳೆ’ ಅನ್ನುತ್ತಾರೆ. ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ, ಅದೂ ಒಂದು ಚಿಂತೆ. ಮಗಳನ್ನು ಈಗಲೇ ಬಿಡಿಸಲಾ? ಅಥವಾ ಶಾಲೆ ಉಳಿಸೋಕೆ ಏನಾದರೂ ದಾರಿ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸೇರಿಕೊಂಡಿವೆ. ಶಾಲೆ ಮುಚ್ಚುತ್ತದೆ ಎನ್ನುವುದು ಒಂದು. ಜೊತೆಯಲ್ಲಿ ಕೂರುವ ಮಕ್ಕಳಿಂದ ಮಗಳ ಓದು ಹಿಂದೆ ಬೀಳುತ್ತದೆ ಎನ್ನುವುದು ಇನ್ನೊಂದು. ಈಗ ಬಿಡಿಸದಿದ್ದರೆ ತಡವಾಗುತ್ತದೆ ಎನ್ನುವುದು ಮೂರನೆಯದು. ಬಳ್ಳಾರಿ, ಕೊಪ್ಪಳ ಭಾಗದ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ನೋಡುತ್ತಲೇ ನನ್ನ ನೌಕರಿ ಕಳೆದಿದೆ. ಆ ಅನುಭವದಿಂದ ಹೇಳುವುದಾದರೆ ನಿಮ್ಮ ಮೊದಲ ಭಯಕ್ಕೆ ಸ್ವಲ್ಪ ಆಧಾರ ಇದೆ, ಎರಡನೆಯದಕ್ಕೆ ಬಹುತೇಕ ಇಲ್ಲ. ನೀವು ಚಿಂತೆ ಮಾಡಬೇಕಾದ ನಾಲ್ಕನೆಯ ವಿಷಯ ಒಂದಿದೆ. ಅದನ್ನು ನೀವು ಬರೆದೇ ಇಲ್ಲ.

ಮೊದಲು ನಿಮ್ಮದೇ ಅಂಕಿ ಹಿಡಿದು ಲೆಕ್ಕ ಹಾಕೋಣ. ಒಂದನೇ ಕ್ಲಾಸಿಗೆ ಪ್ರತಿವರ್ಷ ಹನ್ನೊಂದೇ ಮಕ್ಕಳು ಬರುತ್ತಾರೆ, ನಡುವೆ ಯಾರೂ ಸೇರುವುದಿಲ್ಲ, ಬಿಡುವುದಿಲ್ಲ ಎಂದುಕೊಳ್ಳಿ. ಮುಂದಿನ ವರ್ಷ ಏಳನೇ ಕ್ಲಾಸಿನ 27 ಮಕ್ಕಳು ಹೊರಗೆ ಹೋಗುತ್ತಾರೆ, ಒಟ್ಟು 115 ಆಗುತ್ತದೆ. ಅದರ ಮುಂದಿನ ವರ್ಷ 101. ಮೂರನೇ ವರ್ಷಕ್ಕೆ 92. ಯಾರೂ ಶಾಲೆ ಬಿಡದೆ, ಯಾರೂ ಯಾರನ್ನೂ ದೂರದೆ, ಸುಮ್ನೆ ಕಾಲ ಕಳೆದರೆ ಸಾಕು, ಶಾಲೆ ಇಷ್ಟು ಇಳಿಯುತ್ತದೆ. ಅಂದರೆ ಶಾಲೆಯ ಮೂರು ವರ್ಷದ ಭವಿಷ್ಯ ಒಂದನೇ ಕ್ಲಾಸಿನ ಸಂಖ್ಯೆಯಲ್ಲೇ ಕಾಣುತ್ತದೆ. 131 ಎನ್ನುವ ಒಟ್ಟು ಸಂಖ್ಯೆ ಅದನ್ನು ಮುಚ್ಚಿಡುತ್ತದೆ.

ಈಗ ಆ ನಾಲ್ಕನೆಯ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದಲ್ಲಿ ಶಿಕ್ಷಕರ ಲೆಕ್ಕ ಇದೆ. ಒಂದರಿಂದ ಐದನೇ ಕ್ಲಾಸಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. ನಿಮ್ಮ ಶಾಲೆಯ ಒಂದರಿಂದ ಐದರಲ್ಲಿ ಈಗ 79 ಮಕ್ಕಳಿದ್ದಾರೆ. ಮುಂದಿನ ವರ್ಷ 70, ಆಮೇಲೆ 62, ಅದರ ಮುಂದಿನ ವರ್ಷ 57. ಆ 57ರ ವರ್ಷ ನಿಮ್ಮ ಮಗಳು ಐದನೇ ಕ್ಲಾಸಿನಲ್ಲಿರುತ್ತಾಳೆ. ಆಗ ಕಾಯ್ದೆಯ ಲೆಕ್ಕದಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರು. ಉಳಿದವರು ‘ಹೆಚ್ಚುವರಿ’ ಎಂದು ಪಟ್ಟಿಗೆ ಬಂದು ಬೇರೆ ಶಾಲೆಗೆ ಹೋಗುತ್ತಾರೆ. ಇದ್ದ ಇಬ್ಬರಲ್ಲಿ ಒಬ್ಬರು ತರಬೇತಿಗೋ, ಜನಗಣತಿಗೋ, ಚುನಾವಣೆ ಕೆಲಸಕ್ಕೋ ಹೋದರೆ ಮುಗಿಯಿತು.

ನಾನು ನೋಡಿದ ಹಾಗೆ ಪೇಟೆಯ ಶಾಲೆಗಳು ಒಂದು ದಿನ ಆದೇಶ ಬಂದು ಮುಚ್ಚುವುದು ಕಡಿಮೆ. ಮೊದಲು ಒಂದು ಹುದ್ದೆ ಹೋಗುತ್ತದೆ. ತರಗತಿಗಳು ಒಟ್ಟಾಗುತ್ತವೆ. ಅದನ್ನು ನೋಡಿ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಆಗ ಇನ್ನೊಂದು ಹುದ್ದೆ ಹೋಗುತ್ತದೆ. ಹೀಗಾಗಿ ಶಾಲೆಯ ಹೆಸರು ಬೋರ್ಡಿನ ಮೇಲೆ ಇರುವಾಗಲೇ ಒಳಗೆ ಪಾಠ ತೆಳುವಾಗಿರುತ್ತದೆ. ನೀವು ಮುಚ್ಚುವ ಆದೇಶಕ್ಕಿಂತ ಹೆಚ್ಚಾಗಿ 60 ಎಂಬ ಗೆರೆಯ ಮೇಲೆ ಕಣ್ಣಿಡಬೇಕು.

ಹಾಗಂತ ವಿಲೀನದ ಮಾತು ಬರೀ ಗಾಳಿಸುದ್ದಿ ಎಂದು ಹೇಳಲಾರೆ. ಸಣ್ಣ ಶಾಲೆಗಳನ್ನು ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸುವ ಚರ್ಚೆಯೂ ನಡೆದಿದೆ, ಅದಕ್ಕೆ ವಿರೋಧವೂ ಎದ್ದಿದೆ. ಆದರೆ 131 ಮಕ್ಕಳ ಶಾಲೆ ಆ ಪಟ್ಟಿಯಲ್ಲಿ ಮೊದಲು ಬರುವಂಥದ್ದಲ್ಲ. ಅಂಥ ಪ್ರಸ್ತಾವ ಬಂದರೆ ಎಸ್‌ಡಿಎಂಸಿ ಕೇಳಬೇಕಾದ ಪ್ರಶ್ನೆ ದೂರದ್ದು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುವುದು ನಿಯಮ. ಬಳ್ಳಾರಿಯಂಥ ಊರಲ್ಲಿ ಕಿಲೋಮೀಟರ್ ಜೊತೆಗೆ ನಡುವೆ ಏನಿದೆ ಎಂದೂ ಕೇಳಿ. ರೈಲ್ವೆ ಹಳಿಯೋ, ಅದಿರು ಲಾರಿ ಓಡಾಡುವ ರಸ್ತೆಯೋ ಇದ್ದರೆ ಮೊದಲು ಶಾಲೆ ಬಿಡುವವರು ಹೆಣ್ಣುಮಕ್ಕಳು.

ಮಕ್ಕಳು ಯಾಕೆ ಕಡಿಮೆಯಾದರು ಎಂದರೆ ಎಲ್ಲರೂ ‘ಇಂಗ್ಲಿಷ್ ಮೋಹ’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಅದು ನಿಜ, ಆದರೆ ಪೂರ್ತಿ ಅಲ್ಲ. ಮನೆಯಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಹಳೆಯ ಪೇಟೆ ಭಾಗಗಳಲ್ಲಿ ಇನ್ನೂ ಒಂದು ಸಂಗತಿ ಇದೆ. ಮನೆಗಳು ಅಂಗಡಿ, ಗೋಡೌನ್ ಆಗುತ್ತಿವೆ. ಸಂಸಾರಗಳು ಊರಾಚೆಯ ಲೇಔಟುಗಳಿಗೆ ಹೋಗುತ್ತಿವೆ. ಶಾಲೆಯ ಕಟ್ಟಡ ಇದ್ದಲ್ಲೇ ಇದೆ, ಮಕ್ಕಳು ಬೇರೆ ಕಡೆ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ಕಾರಣ ಎಂದು ನನಗೆ ಅನ್ನಿಸುವುದು ವಯಸ್ಸು. ಹೆಚ್ಚಿನ ಸರ್ಕಾರಿ ಶಾಲೆಗಳು ಮಗುವನ್ನು ಕಾಣುವುದು ಒಂದನೇ ಕ್ಲಾಸಿನಲ್ಲಿ, ಅಂದರೆ ಆರನೇ ವಯಸ್ಸಿಗೆ. ಖಾಸಗಿಯವರು ಮೂರೂವರೆ ವರ್ಷಕ್ಕೇ ಎಲ್‌ಕೆಜಿಗೆ ಕರೆದುಕೊಳ್ಳುತ್ತಾರೆ. ಎರಡು ವರ್ಷ ಫೀಸು ಕಟ್ಟಿ, ವ್ಯಾನಿಗೆ ಹೊಂದಿಕೊಂಡು, ಟೈ ಕಟ್ಟಿಸಿ ಕಳಿಸಿದ ಮೇಲೆ ಯಾವ ತಂದೆ ತಾಯಿ ಒಂದನೇ ಕ್ಲಾಸಿಗೆ ಸರ್ಕಾರಿ ಶಾಲೆಗೆ ತರುತ್ತಾರೆ? ಮೇ ಕೊನೆಯಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ದಾಖಲಾತಿ ಆಂದೋಲನ ಮಾಡುತ್ತಾರಲ್ಲ, ಅಷ್ಟೊತ್ತಿಗೆ ಆಟ ಮುಗಿದು ಎರಡು ವರ್ಷ ಆಗಿರುತ್ತದೆ. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು ಎನ್ನುವ ನಿಯಮವೂ ಸೇರಿತು. 2025–26ರಲ್ಲಿ ಯುಕೆಜಿ ಮುಗಿಸಿದವರಿಗೆ ಐದೂವರೆ ವರ್ಷದ ಹತ್ತಿರಕ್ಕೆ ಸಡಿಲಿಕೆ ಕೊಟ್ಟರು. ಇಂಥ ಬದಲಾವಣೆ ಆದಾಗ ಯಾವುದೋ ಒಂದು ವರ್ಷ ಒಂದನೇ ಕ್ಲಾಸು ಏರುತ್ತದೆ ಅಥವಾ ಇಳಿಯುತ್ತದೆ. ಆದ್ದರಿಂದ ಒಂದೇ ವರ್ಷದ ಅಂಕಿ ಹಿಡಿದು ಎದೆಗುಂದಬೇಡಿ. ಐದು ವರ್ಷದ ಒಂದನೇ ಕ್ಲಾಸಿನ ದಾಖಲಾತಿ ತೆಗೆಸಿ.

ಆ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು ಸಂಗತಿ ನೋಡಿ. ಏಳನೇ ಕ್ಲಾಸಿನ ಆ 27 ಮಕ್ಕಳಲ್ಲಿ ಎಷ್ಟು ಜನ ಒಂದನೇ ಕ್ಲಾಸಿಗೇ ಸೇರಿದವರು, ಎಷ್ಟು ಜನ ನಾಲ್ಕು, ಐದು, ಆರಕ್ಕೆ ಖಾಸಗಿ ಶಾಲೆಯಿಂದ ಟಿಸಿ ತಂದವರು? ಫೀಸು ಕಟ್ಟಲಾಗದೆ ನಡುವೆ ಮರಳಿ ಬರುವ ಮಕ್ಕಳು ಪೇಟೆ ಶಾಲೆಗಳಲ್ಲಿ ಕಡಿಮೆಯೇನಿಲ್ಲ. ಜೀನ್ಸ್ ಆರ್ಡರ್ ನಿಂತ ವರ್ಷ, ಮನೆಯಲ್ಲಿ ಯಾರಿಗೋ ಕಾಯಿಲೆ ಬಂದ ವರ್ಷ, ಇವರು ಬರುತ್ತಾರೆ. ನಿಮ್ಮ ಶಾಲೆಯಲ್ಲಿ ಅಂಥವರು ಹೆಚ್ಚಿದ್ದರೆ ಮೇಲೆ ನಾನು ಹಾಕಿದ ಲೆಕ್ಕ ಅಷ್ಟು ಕೆಟ್ಟದಾಗಿ ಇಳಿಯುವುದಿಲ್ಲ.

ಇನ್ನು ‘ಅಂಥ ಮಕ್ಕಳು’ ಎನ್ನುವ ಮಾತಿಗೆ ಬರೋಣ.

ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಊರು. ಇಲ್ಲಿ ತೆಲುಗು, ಉರ್ದು, ಲಂಬಾಣಿ, ಕನ್ನಡ ಒಂದೇ ಓಣಿಯಲ್ಲಿ ಇರುವುದು ಹೊಸದಲ್ಲ. ನಿಮ್ಮ ಹೊಲಿಗೆ ಕೆಲಸದಲ್ಲೇ ದಿನಕ್ಕೆ ಎಷ್ಟು ಭಾಷೆ ಕೇಳುತ್ತೀರಿ, ಹೇಳಿ. ಮನೆಯಲ್ಲಿ ತೆಲುಗು ಆಡುವ ಮಗು ಪಕ್ಕದಲ್ಲಿ ಕೂತರೆ ನಿಮ್ಮ ಮಗಳ ಕನ್ನಡ ಕೆಡುವುದಿಲ್ಲ. ಕಷ್ಟ ಇರುವುದು ಆ ತೆಲುಗು ಮಗುವಿಗೆ, ಮೊದಲ ಕೆಲವು ತಿಂಗಳು. ಅದೂ ಶಿಕ್ಷಕರು ಗಮನ ಕೊಟ್ಟರೆ ಸರಿಹೋಗುತ್ತದೆ.

ಗುಳೆ ಬಂದವರ ಮಕ್ಕಳ ವಿಷಯ ಬೇರೆ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ, ಆಂಧ್ರದ ಗಡಿಯಿಂದ, ಈಚೆಗೆ ಉತ್ತರ ಭಾರತದಿಂದಲೂ ಕಟ್ಟಡ ಕೆಲಸಕ್ಕೆ, ಇಟ್ಟಿಗೆ ಭಟ್ಟಿಗೆ ಬಂದವರು ಮಕ್ಕಳನ್ನು ವರ್ಷದ ನಡುವೆ ಸೇರಿಸುತ್ತಾರೆ, ನಡುವೆಯೇ ಕರೆದುಕೊಂಡು ಹೋಗುತ್ತಾರೆ. ಶಾಲೆ ಅವರನ್ನು ಬೇಡ ಎನ್ನುವ ಹಾಗಿಲ್ಲ. ಜನನ ಪ್ರಮಾಣಪತ್ರ ಇಲ್ಲ, ಟಿಸಿ ತಡ, ವರ್ಷ ಅರ್ಧ ಮುಗಿದಿದೆ ಎಂದು ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಆಧಾರ್ ಇಲ್ಲವೆಂದು ಪ್ರವೇಶ ತಡೆಯಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದರೆ ಕಾಗದ ಇಲ್ಲದ ಮಗುವಿನ ಹೆಸರು ಎಸ್‌ಎಟಿಎಸ್‌ನಲ್ಲಿ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಪಟ್ಟಿಯಲ್ಲಿ, ಏರುವುದು ತಡವಾಗುತ್ತದೆ. ಮಗು ತರಗತಿಯಲ್ಲಿ ಕೂತಿರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ. ಇನ್ನೊಂದು ಕಡೆ ನಮ್ಮ ತಾಂಡಾಗಳ ಮಕ್ಕಳು ದಸರೆ ಕಳೆದ ಮೇಲೆ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ಯುಗಾದಿಯ ಹೊತ್ತಿಗೆ ಬರುತ್ತಾರೆ. ಹೆಸರು ಲೆಕ್ಕದಲ್ಲಿರುತ್ತದೆ, ಮಗು ಇರುವುದಿಲ್ಲ.

ನಾಳೆ ಶಾಲೆಗೆ ಹೋದಾಗ ಮುಖ್ಯ ಗುರುಗಳ ಕೋಣೆಯ ಹೊರಗಿನ ಕಪ್ಪು ಹಲಗೆಯ ಮುಂದೆ ಒಂದು ನಿಮಿಷ ನಿಲ್ಲಿ. ತರಗತಿವಾರು ಗಂಡು, ಹೆಣ್ಣು, ಒಟ್ಟು ದಾಖಲಾತಿ, ಇಂದಿನ ಹಾಜರಾತಿ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಕೆಲವು ಶಾಲೆಗಳಲ್ಲಿ ದಾಖಲಾತಿಯ ಕಾಲಂ ಎಣ್ಣೆ ಬಣ್ಣದಲ್ಲೇ ಬರೆದಿರುತ್ತದೆ, ಹಾಜರಾತಿಯ ಕಾಲಂ ಮಾತ್ರ ದಿನಾ ಒರೆಸಿ ಒರೆಸಿ ಬೆಳ್ಳಗಾಗಿರುತ್ತದೆ. ಆ ಎರಡು ಕಾಲಂ ನಡುವಿನ ಅಂತರ ಎಷ್ಟು? ಮಧ್ಯಾಹ್ನ ಊಟಕ್ಕೆ ಎಷ್ಟು ತಟ್ಟೆ ಎದ್ದವು? ಸೋಮವಾರ, ಸಂತೆಯ ದಿನ, ಶನಿವಾರ ಬೇರೆ ಬೇರೆಯಾಗಿ ನೋಡಿ. ಹಾಗೆಯೇ ಗಂಡು, ಹೆಣ್ಣಿನ ಕಾಲಂ ನೋಡಿ. ಪೇಟೆಯ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳು ಜಾಸ್ತಿ. ಯಾಕೆಂದರೆ ಫೀಸು ಕಟ್ಟುವ ಶಕ್ತಿ ಒಂದೇ ಮಗುವಿಗೆ ಇದ್ದಾಗ ಅದು ಗಂಡು ಮಗುವಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ಆಗಿದೆ, ಅಲ್ವಾ? ಬೈಯಲು ಹೇಳುತ್ತಿಲ್ಲ. ಮಗಳ ಬಗ್ಗೆ ತೀರ್ಮಾನ ಮಾಡುವಾಗ ಇದೂ ನಿಮ್ಮ ಲೆಕ್ಕದಲ್ಲಿ ಇರಲಿ ಎಂದಷ್ಟೆ.

ಓಣಿಯವರ ಮಾತಿನಲ್ಲಿ ಭಾಷೆಯ ಹೆಸರು ಹೇಳಿ ಜಾತಿ, ಧರ್ಮದ ಮಾತು ಆಡುವವರೂ ಇರುತ್ತಾರೆ. ಬಳ್ಳಾರಿ, ರಾಯಚೂರು ಪರಿಶಿಷ್ಟ ಪಂಗಡದ ಜನ ಹೆಚ್ಚಿರುವ ಜಿಲ್ಲೆಗಳು. ಸ್ವಲ್ಪ ಕೈ ಓಡುವವರು ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಪರಿಶಿಷ್ಟರು, ಹಿಂದುಳಿದವರು, ಮುಸ್ಲಿಮರು, ಕೂಲಿಯವರು. ಆಮೇಲೆ ಅದನ್ನೇ ತೋರಿಸಿ ‘ಅಲ್ಲಿ ಅವರೇ ಇದ್ದಾರೆ’ ಎನ್ನುತ್ತಾರೆ. ಕಲಿಕೆಗೂ ಇದಕ್ಕೂ ಸಂಬಂಧ ಕಟ್ಟುವುದು ತಪ್ಪು. ಮಗಳ ಓದಿಗೆ ಪೆಟ್ಟು ಬೀಳುವುದು ಶಿಕ್ಷಕರು ಇಲ್ಲದಾಗ, ಇದ್ದವರಿಗೆ ಬೇರೆ ಕೆಲಸ ಹಚ್ಚಿದಾಗ.

ಒಂದರಿಂದ ಮೂರನೇ ಕ್ಲಾಸು ಒಟ್ಟಿಗೆ ಕೂರುವುದು ಶಾಲೆ ಸೋತಿದೆ ಎನ್ನುವುದರ ಗುರುತಲ್ಲ. ಅದು ನಲಿ–ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಕಾರ್ಡುಗಳು, ಗುಂಪುಗಳು, ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ತಾನು. ವರ್ಷದ ನಡುವೆ ಬರುವ ಮಗುವಿಗೆ ಇದು ಒಳ್ಳೆಯದೇ. ಚೆನ್ನಾಗಿ ಮಾಡಿದರೆ ಬಹಳ ಚೆಂದ. ಕಾರ್ಡು ಕಪಾಟಿನಲ್ಲಿ ಕೂತಿದ್ದರೆ ಮಾತ್ರ ದಂಡ. ಆದರೆ ನಾಲ್ಕು, ಐದನೇ ಕ್ಲಾಸು ಒಟ್ಟಿಗೆ ಕೂರುತ್ತಿದ್ದರೆ ಅದಕ್ಕೆ ಇಂಥ ಪದ್ಧತಿಯ ಕಾರಣ ಇಲ್ಲ. ಅದು ಶಿಕ್ಷಕರ ಕೊರತೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಮಗಳನ್ನು ಅಣ್ಣನ ಶಾಲೆಗೇ ಹಾಕುವುದು ಒಂದು. ಇಬ್ಬರ ಫೀಸು, ವ್ಯಾನು, ಪುಸ್ತಕ, ಯೂನಿಫಾರಂ ಸೇರಿಸಿ ಮುಂದಿನ ಐದು ವರ್ಷಕ್ಕೆ ಕೂಡಿಸಿ ನೋಡಿ. ಹೊಲಿಗೆ ಕೆಲಸ ಮೂರು ತಿಂಗಳು ನಿಂತರೂ ಕಟ್ಟಬಲ್ಲಿರಾ? ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯಲ್ಲಿ ಫೀಸಿಲ್ಲದೆ ಸಿಗುವ 25 ಶೇಕಡಾ ಸೀಟಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. 2019ರಲ್ಲಿ ನಿಯಮ ಬದಲಾಗಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ಪೇಟೆಯಲ್ಲಿ ಹತ್ತಿರ ಸರ್ಕಾರಿ ಶಾಲೆ ಇಲ್ಲದ ವಾರ್ಡು ಎಲ್ಲಿದೆ? ಇನ್ನೊಂದು ಮಾತು. ಆ ಶಾಲೆಗೆ ಎಷ್ಟನೇ ಕ್ಲಾಸಿನವರೆಗೆ, ಯಾವ ಮಾಧ್ಯಮಕ್ಕೆ ಮಾನ್ಯತೆ ಇದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ. ಮಗನಿಗಾಗಿಯಾದರೂ ಕೇಳಿ. ಮಗ ಐದನೇ ಕ್ಲಾಸಲ್ಲಿ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನೂ ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನೂ ಓದಿ ಅರ್ಥ ಹೇಳುತ್ತಾನಾ, ಪರೀಕ್ಷಿಸಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಬೇರೆ ಸಿಗುವುದಿಲ್ಲ.

ಇನ್ನೊಂದು ದಾರಿ ಬೇರೆ ಸರ್ಕಾರಿ ಶಾಲೆ. ಮಕ್ಕಳು ತುಂಬಿರುವ, ತರಗತಿಗೊಬ್ಬ ಶಿಕ್ಷಕರಿರುವ, ದ್ವಿಭಾಷಾ (ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಕಲಿಸುವ) ವಿಭಾಗ ಇರುವ ಶಾಲೆ ಸಮೀಪದಲ್ಲಿದ್ದರೆ ಅಲ್ಲಿಗೆ ಸೇರಿಸಬಹುದು. ದಿನಾ ಕರೆದುಕೊಂಡು ಹೋಗುವವರು ಯಾರು ಎನ್ನುವುದೊಂದೇ ತೊಡಕು.

ನನ್ನನ್ನು ಕೇಳಿದರೆ ಮೂರನೇ ದಾರಿ. ಮಗಳನ್ನು ಕನಿಷ್ಠ ನಲಿ–ಕಲಿ ಮುಗಿಯುವವರೆಗೆ, ಅಂದರೆ ಮೂರನೇ ಕ್ಲಾಸಿನವರೆಗೆ ಇಲ್ಲೇ ಇಡಿ. ನಲಿ–ಕಲಿಯ ಸಣ್ಣ ಗುಂಪುಗಳಲ್ಲಿ ಒಳ್ಳೆಯ ಶಿಕ್ಷಕಿ ಇದ್ದರೆ ಅಂಥ ಗಮನ ಖಾಸಗಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಐದನೇ ಕ್ಲಾಸಿನ ಕೊನೆಗೆ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಗಳಿವೆ. ಅದಕ್ಕೆ ಈಗಿಂದಲೇ ಲೆಕ್ಕ, ಕನ್ನಡ ಓದು ಗಟ್ಟಿ ಮಾಡಿಸಿ. ಈ ದಾರಿಯ ಅಪಾಯ ನಾನು ಮೇಲೆ ಹೇಳಿದ್ದೇ. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಹುದ್ದೆ ಹೋಗಬಹುದು. ಹೋದರೆ ಆಗ ಬಿಡಿಸಿ, ಯಾರೂ ನಿಮ್ಮನ್ನು ತಪ್ಪು ಎನ್ನುವುದಿಲ್ಲ. ನಾಲ್ಕಕ್ಕೋ ಐದಕ್ಕೋ ಶಾಲೆ ಬದಲಿಸಿದರೆ ಇಂಗ್ಲಿಷ್ ಹಿಡಿಯಲು ಒಂದು ವರ್ಷ ಒದ್ದಾಡುತ್ತಾಳೆ, ಅದಕ್ಕೆ ತಯಾರಿರಿ.

ಶಾಲೆಯ ಮಟ್ಟಿಗೆ ಎಸ್‌ಡಿಎಂಸಿ ಕೈಯಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಇದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಸಮಿತಿಯ ಕೆಲಸ. ಅದರಲ್ಲಿ ಮುಂದಿನ ವರ್ಷಗಳ ತರಗತಿವಾರು ದಾಖಲಾತಿಯ ಅಂದಾಜು, ಬೇಕಾದ ಶಿಕ್ಷಕರ ಲೆಕ್ಕ ಇರಬೇಕು. ಬಹಳ ಕಡೆ ಹಳೆಯ ಯೋಜನೆಯನ್ನೇ ನಕಲು ಮಾಡಿ ಸಹಿ ಹಾಕಿಸುತ್ತಾರೆ. ನೀವು ಹಾಗೆ ಸಹಿ ಹಾಕಬೇಡಿ.

ಮೂರರಿಂದ ಆರು ವರ್ಷದ ಮಕ್ಕಳು ನಿಮ್ಮ ಓಣಿಗಳಲ್ಲಿ ಎಷ್ಟಿದ್ದಾರೆ, ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಮನೆಮನೆ ಪಟ್ಟಿ ಮಾಡಿ. ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಅರ್ಧ ಪಟ್ಟಿ ಆಗಲೇ ಇರುತ್ತದೆ. ಬಾಡಿಗೆ ಮನೆಯವರು, ಕಟ್ಟಡದ ಶೆಡ್ಡಿನಲ್ಲಿರುವವರು ಆ ಪಟ್ಟಿಯಿಂದ ತಪ್ಪಿಹೋಗಿರುತ್ತಾರೆ, ಅವರನ್ನು ನೀವು ಸೇರಿಸಿ. ಪಟ್ಟಿ ಕೈಯಲ್ಲಿ ಇದ್ದರೆ ಬಿಇಒ ಮುಂದೆ ಎಲ್‌ಕೆಜಿ, ದ್ವಿಭಾಷಾ ವಿಭಾಗ ಕೇಳಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ನಮ್ಮ ಭಾಗದ ಹಲವು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾಗಿದೆ. ಇದರಲ್ಲೂ ತೊಂದರೆಗಳಿವೆ. ಅತಿಥಿ ಶಿಕ್ಷಕಿಯ ಸಂಬಳ ತಡವಾದರೆ ಆಕೆ ನಡುವೆ ಬಿಡುತ್ತಾಳೆ. ಅಂಗನವಾಡಿಯವರಿಗೆ ತಮ್ಮ ಮಕ್ಕಳನ್ನು ಕಸಿದುಕೊಂಡ ಹಾಗೆ ಆಗುತ್ತದೆ, ಇದೇ ಕಾರಣಕ್ಕೆ ಅವರು ಬೀದಿಗಿಳಿದು ಹೋರಾಟ ಮಾಡಿದ್ದಾರೆ. ಅವರನ್ನು ಮೊದಲೇ ಮಾತಾಡಿಸಿ. ಇಂಗ್ಲಿಷ್ ವಿಭಾಗ ಎಂದು ಬೋರ್ಡು ಬರೆಸಿ, ಇದ್ದ ಶಿಕ್ಷಕರಿಗೇ ಅದನ್ನೂ ಹೊರಿಸಿದರೆ ಎರಡು ವಿಭಾಗವೂ ಸೊರಗುತ್ತವೆ. ಶಿಕ್ಷಕರು ಎಷ್ಟು, ಯಾರಿಗೆ ತರಬೇತಿ ಆಗಿದೆ ಎಂದು ಕೇಳಿದ ಮೇಲೆಯೇ ಬೇಡಿಕೆ ಇಡಿ.

ಹೆಸರು ಏರದ ಮಕ್ಕಳ ಕೆಲಸ ತಕ್ಷಣ ಮಾಡಬಹುದಾದದ್ದು. ತರಗತಿಯಲ್ಲಿ ಕೂತಿದ್ದೂ ಎಸ್‌ಎಟಿಎಸ್‌ನಲ್ಲಿ ಇಲ್ಲದವರು ಎಷ್ಟು ಎಂದು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಎದುರಿಗೇ ಕೇಳಿ, ಸಭೆಯ ನಡಾವಳಿಯಲ್ಲಿ ಬರೆಸಿ. ನಿಮ್ಮ ಪ್ರಾಥಮಿಕ ವಿಭಾಗ 60ರ ಗೆರೆಯ ಹತ್ತಿರ ಬರುವ ವರ್ಷ ಇಂಥ ನಾಲ್ಕು ಹೆಸರು ಸೇರಿದರೆ ಒಬ್ಬ ಶಿಕ್ಷಕರ ಹುದ್ದೆ ಉಳಿಯುತ್ತದೆ. ಆದರೆ ಇಲ್ಲದ ಮಕ್ಕಳ ಹೆಸರು ತುಂಬಿಸುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ. ಊಟದ ಲೆಕ್ಕದಲ್ಲಿ ಅದು ಸಿಕ್ಕಿಬೀಳುತ್ತದೆ, ಮುಖ್ಯ ಗುರುಗಳ ಕೊರಳಿಗೆ ಬರುತ್ತದೆ.

ಮುಂದಿನ ಸಭೆಗೆ ಹೋಗುವಾಗ ಐದು ವರ್ಷದ ಒಂದನೇ ಕ್ಲಾಸಿನ ದಾಖಲಾತಿ, ಈ ವರ್ಷ ಟಿಸಿ ಪಡೆದ ಮತ್ತು ತಂದ ಮಕ್ಕಳ ಸಂಖ್ಯೆ, ಮಂಜೂರಾದ ಮತ್ತು ಖಾಲಿ ಇರುವ ಹುದ್ದೆ ಇಷ್ಟನ್ನು ಮುಖ್ಯ ಗುರುಗಳಿಂದ ಬರೆಸಿಕೊಳ್ಳಿ. ಮಗಳ ಟಿಸಿಗೆ ಅರ್ಜಿ ಕೊಡುವುದಿದ್ದರೆ ಆ ಲೆಕ್ಕ ಕೈಗೆ ಬಂದ ಮೇಲೆ, ಏಪ್ರಿಲ್‌ನಲ್ಲಿ ಕೊಡಿ. ವರ್ಷದ ನಡುವೆ ಬೇಡ.